ಚಿತ್ರಪುಸ್ತಕದಲ್ಲಿ ಎಣಿಕೆ

ಮೂರು ವರ್ಷದ ಮಗುವು ಒಂದರಿಂದ ಹತ್ತರವರೆಗೆ ಬಾಯಿಪಾಠ ಒಪ್ಪಿಸುವುದುಂಟು. ಬಂದ ನಂಟರ ಮುಂದೆ ಅದನ್ನು ಹೇಳಿಸಿ ನಾವು ಹಿಗ್ಗುತ್ತೇವೆ. ಆದರೆ ಅದೇ ಮಗುವನ್ನು ಕರೆದು “ಮೂರು ದ್ರಾಕ್ಷಿ ಕೊಡು, ಕಂದ” ಎಂದರೆ, ಅದು ಹಿಡಿ ತುಂಬ ಬಾಚಿ ಕೊಟ್ಟೀತು. ಸಂಖ್ಯೆಯ ಹೆಸರು ಬಂದಿದೆ, ಸಂಖ್ಯೆ ಬಂದಿಲ್ಲ. ಈ ಅಂತರವನ್ನು ಗಮನಿಸದೆ ಮಗ್ಗಿಗೆ ಹಚ್ಚಿದರೆ, ಲೆಕ್ಕವೆಂಬುದು ಆ ಮಗುವಿಗೆ ಬಾಳೆಲ್ಲ ಅಂಜಿಕೆಯ ವಸ್ತುವಾಗಿ ಉಳಿಯಬಹುದು.

ಕೇಳುಗರೆ, ಎಣಿಕೆಯು ಒಂದೇ ವಿದ್ಯೆಯಲ್ಲ. ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಮನಶ್ಶಾಸ್ತ್ರಜ್ಞರು 1978ರಲ್ಲಿ ಅದರೊಳಗೆ 5 ತತ್ತ್ವಗಳನ್ನು ವಿಂಗಡಿಸಿ ತೋರಿಸಿದರು. ಒಂದು ವಸ್ತುವಿಗೆ ಒಂದೇ ಹೆಸರು ಸಲ್ಲಬೇಕು. ಹೆಸರುಗಳ ಕ್ರಮ ಕೆಡಬಾರದು. ಕಡೆಯ ಹೆಸರೇ ಗುಂಪಿನ ಮೊತ್ತ. ಯಾವ ವಸ್ತುವನ್ನಾದರೂ ಎಣಿಸಬಹುದು. ಯಾವ ತುದಿಯಿಂದ ಎಣಿಸಿದರೂ ಮೊತ್ತವು ಬದಲಾಗದು.

ಇವನ್ನು ಉಪದೇಶಿಸಿ ಫಲವಿಲ್ಲ, ಚಿತ್ರದಲ್ಲಿ ಕಾಣಿಸಬೇಕು. ಶಾಲೆಯ ಉಪಾಧ್ಯಾಯರಾಗಿದ್ದು ಚಿತ್ರಕಾರರಾದ ಜಪಾನಿನ ಮಿತ್ಸುಮಾಸ ಅನ್ನೊ ಅವರ ಎಣಿಕೆಯ ಪುಸ್ತಕ 1975ರಲ್ಲಿ ಹೊರಬಂದಿತು. ಅದರ ಚಿತ್ರಗಳಿಗೆ ಮಾತಿನ ಹಂಗಿಲ್ಲ. ಮೊದಲು ಹಿಮ ಕವಿದ ಬರಿಯ ಬಯಲು, ಅದೇ ಸೊನ್ನೆ. ಬಳಿಕ ಒಂದು ಮನೆ, ಒಂದು ಮರ. ಮುಂದಿನ ಪುಟದಲ್ಲಿ ಎರಡೆರಡು. ಹೀಗೆ ಋತುಗಳೊಡನೆ ಊರೂ ಬೆಳೆದು 12ಕ್ಕೆ ಮುಟ್ಟುತ್ತದೆ. ಮನೆ ಬೇರೆ, ಮರ ಬೇರೆ, ಸಂಖ್ಯೆ ಮಾತ್ರ ಒಂದೇ ಎಂಬುದು ಮಗುವಿನ ಕಣ್ಣಿಗೆ ತಾನಾಗಿ ಹೊಳೆಯುತ್ತದೆ.

ಅಮೆರಿಕದ ಎರಿಕ್ ಕಾರ್ಲ್ ಅವರ 1969ರ ಪುಸ್ತಕದಲ್ಲಿ ಹಸಿದ ಕಂಬಳಿಹುಳು ಸೋಮವಾರ 1 ಸೇಬನ್ನು ಕೊರೆದು ತಿಂದು, ದಿನಕ್ಕೊಂದು ಹಣ್ಣು ಹೆಚ್ಚಿಸುತ್ತ ಶುಕ್ರವಾರ 5 ಕಿತ್ತಳೆಗಳಿಗೆ ಬರುತ್ತದೆ. ಹಣ್ಣುಗಳಲ್ಲಿ ನಿಜವಾದ ತೂತುಗಳಿವೆ. ಪುಟ್ಟ ಬೆರಳು ಒಂದೊಂದನ್ನೂ ಮುಟ್ಟಿ ಎಣಿಸುತ್ತದೆ. ಇಂಗ್ಲೆಂಡಿನ ಪ್ಯಾಟ್ ಹಚಿನ್ಸ್ ಅವರ 1986ರ ಕಥೆಯಲ್ಲಿ 12 ಬಿಸ್ಕತ್ತುಗಳು, ಇಬ್ಬರು ಮಕ್ಕಳು: ತಲೆಗೆ ಆರಾರು. ಬಾಗಿಲ ಗಂಟೆ ಬಾರಿಸಿದಂತೆಲ್ಲ ನೆಂಟರು ಹೆಚ್ಚಿ, ಪಾಲು ಮೂರಕ್ಕೆ, ಎರಡಕ್ಕೆ, ಕಡೆಗೆ ಒಂದಕ್ಕೆ ಇಳಿಯುತ್ತದೆ. ಭಾಗಾಕಾರವೆಂಬ ಹೆಸರನ್ನು ಕೇಳುವ ಮೊದಲೇ ಮಗುವು ಭಾಗಾಕಾರವನ್ನು ಅನುಭವಿಸುತ್ತದೆ.

ಆದರೆ ಪುಸ್ತಕವನ್ನು ಕೈಗಿತ್ತು ಹಿರಿಯರು ಎದ್ದುಹೋದರೆ ಸಾಲದು. ಬಳಿಯಲ್ಲಿ ಕುಳಿತು “ಎಷ್ಟು?” ಎಂದು ಕೇಳಿ, “ಹೇಗೆ ತಿಳಿಯಿತು?” ಎಂದೂ ಕೇಳಬೇಕು. ತಪ್ಪಿದಾಗ ಗದರದೆ, ಬೆರಳಿಟ್ಟು ಮತ್ತೊಮ್ಮೆ ಎಣಿಸಲು ಬಿಡಬೇಕು. ಪುಸ್ತಕ ದೊರೆಯದ ಮನೆಯಲ್ಲಿ ಅಳಗುಳಿಮಣೆಯುಂಟು. ಗುಳಿಗೊಂದರಂತೆ ಹುಣಿಸೆಬೀಜ ಹಾಕುವ ಕೈಯೂ ಅದೇ ಪಾಠವನ್ನು ಕಲಿಯುತ್ತದೆ. ಮಗುವು ಹತ್ತರವರೆಗೆ ಬೇಗ ಹೇಳಿತೆಂಬುದಕ್ಕಿಂತ, ಮೂರನ್ನು ಮೂರೆಂದು ಅರಿತಿತೆಂಬುದೇ ನಮಗೆ ಹೆಚ್ಚಿನ ಸಂತೋಷವಾಗಲಿ.