ಮನೆಯಲ್ಲಿ ಪಾರಿವಾಳ ಸಾಕಣೆ

(ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಿಡುವಳಿದಾರರ ಮತ್ತು ಗ್ರಾಮಮುಖ್ಯರ ಸಭೆಗಾಗಿ ರಚಿತವಾದ ಉಪನ್ಯಾಸ)



ಪಾರಿವಾಳವು ಈ ಸೀಮೆಗೆ ಹೊಸ ಪಕ್ಷಿಯಲ್ಲ. ಬೆಟ್ಟದ ಬಂಡೆಗಳ ಸಂದು, ದೇವಾಲಯದ ಗೋಪುರ, ನೀರಿಂಗಿದ ಬಾವಿಯ ಕಲ್ಲುಕಟ್ಟಡ, ಇವುಗಳಲ್ಲಿ ಅದು ತಾನಾಗಿಯೇ ನೆಲಸಿರುವುದನ್ನು ಕೋಲಾರದಿಂದ ಮುಳಬಾಗಿಲಿನವರೆಗೆ ಯಾರಾದರೂ ನೋಡಬಹುದು. ಮನೆಗಳಲ್ಲಿ ಸಾಕತಕ್ಕ ನಾನಾ ಬಣ್ಣದ ಜಾತಿಗಳೆಲ್ಲವೂ ಈ ಬೂದುನೀಲಿ ಹಕ್ಕಿಯ ಸಂತತಿಯೇ ಆಗಿವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಪೈಕಿ ಪಾರಿವಾಳದ ವಿನೋದವೂ ಒಂದು. ಆದರೆ ಅರಸರ ವಿನೋದ ಬೇರೆ, ಮಳೆಯನ್ನೇ ನಂಬಿ ರಾಗಿ ಬೆಳೆಯುವ ಒಕ್ಕಲಿನ ಮನೆಯ ಲೆಕ್ಕ ಬೇರೆ. ಅರಸನ ಹಕ್ಕಿ ಯಾರ ಹೊಲಕ್ಕೆ ಇಳಿದರೂ ಕೇಳುವವರಿರಲಿಲ್ಲ. ಒಕ್ಕಲಿನ ಹಕ್ಕಿ ನೆರೆಯವನ ಬಿತ್ತನೆಯ ಮೇಲೆ ಇಳಿದರೆ ಅದು ಊರ ನ್ಯಾಯಕ್ಕೆ ಬರುತ್ತದೆ. ಆದಕಾರಣ ಎಷ್ಟು ಜೊತೆ ಸಾಕಬೇಕು, ಯಾವ ತಿಂಗಳಲ್ಲಿ ಗೂಡಿನ ಬಾಗಿಲನ್ನು ಮುಚ್ಚಬೇಕು ಎಂಬ ಎರಡು ವಿಷಯಗಳನ್ನು ಮೊದಲೇ ಗೊತ್ತುಮಾಡಿಕೊಳ್ಳದೆ ಈ ಕೆಲಸಕ್ಕೆ ಕೈಹಾಕಕೂಡದು.

ಪಾರಿವಾಳವು ಜೊತೆಗೂಡಿ ಬಾಳುವ ಪಕ್ಷಿ. ಆರು ತಿಂಗಳ ಪ್ರಾಯಕ್ಕೆ ಜೊತೆಗಟ್ಟುತ್ತದೆ. ಹೆಣ್ಣು ಒಂದು ಸಲಕ್ಕೆ ಎರಡೇ ಮೊಟ್ಟೆಗಳನ್ನಿಡುವುದು. ಮೊದಲನೆಯದಕ್ಕೂ ಎರಡನೆಯದಕ್ಕೂ ಸುಮಾರು ಎರಡು ದಿವಸದ ಅಂತರವುಂಟು. ಹಗಲಿನ ಹೊತ್ತಿನಲ್ಲಿ ಗಂಡು, ಸಂಜೆಯಿಂದ ಬೆಳಗಿನವರೆಗೆ ಹೆಣ್ಣು, ಹೀಗೆ ಸರದಿಯಿಂದ ಕಾವು ಕೂತು 17 ಅಥವಾ 18 ದಿವಸಕ್ಕೆ ಮರಿಮಾಡುತ್ತವೆ. ಮರಿಯು ಕಣ್ಣು ಬಿಟ್ಟಿರುವುದಿಲ್ಲ. ಮೊದಲ ಕೆಲವು ದಿವಸ ತಂದೆತಾಯಿಗಳೆರಡೂ ತಮ್ಮ ಗಂಟಲಚೀಲದಲ್ಲಿ ಉಂಟಾಗುವ ಮೊಸರಿನಂಥ ಹಾಲನ್ನು ಅದರ ಬಾಯಿಗೆ ಊಡುತ್ತವೆ. ಗಂಡು ಸಹ ಹಾಲೂಡುವುದು ಪಕ್ಷಿಗಳಲ್ಲಿ ಬಹು ಅಪರೂಪವಾದ ಸಂಗತಿ. ನಾಲ್ಕು ವಾರಗಳಲ್ಲಿ ಮರಿಯು ತೂಕದಲ್ಲಿ ತಾಯಿಯನ್ನು ಸಮೀಪಿಸುತ್ತದೆ. ಅಷ್ಟರೊಳಗೆ ತಾಯಿ ಮತ್ತೆ ಮೊಟ್ಟೆಯಿಡುವುದರಿಂದ ಪ್ರತಿಯೊಂದು ಜೊತೆಗೂ ಎರಡೆರಡು ಗೂಡುಮಡಿಕೆಗಳು ಅವಶ್ಯಕ. ಒಂದೇ ಇಟ್ಟರೆ ಮರಿಗಳು ಮೊಟ್ಟೆಗಳನ್ನು ತುಳಿದು ಕೆಡಿಸುವುವು.

ಒಂದು ಗೂಡಿನ ಎರಡು ಮರಿಗಳಲ್ಲಿ ಒಂದು ಗಂಡು, ಒಂದು ಹೆಣ್ಣು ಎಂಬ ನಂಬಿಕೆ ಹಳ್ಳಿಗಳಲ್ಲಿ ಉಂಟು. ಇದು ಎಲ್ಲಾ ಸಲವೂ ನಿಜವಾಗುವುದಿಲ್ಲ. ನಿಜವಾದಾಗಲೂ ಒಡಹುಟ್ಟುಗಳನ್ನೇ ಜೊತೆಗಟ್ಟುತ್ತ ಹೋದರೆ ಸಂತತಿ ಕ್ಷೀಣಿಸುವುದು. ಸಂತೆಯಲ್ಲಿ ಕೊಳ್ಳುವವರು ಹೆಣ್ಣುಗಂಡುಗಳು ಸಮಸಂಖ್ಯೆಯಲ್ಲಿರುವಂತೆ ನೋಡಿಕೊಳ್ಳತಕ್ಕದ್ದು. ಒಂಟಿ ಗಂಡೊಂದಿದ್ದರೆ ಎಲ್ಲಾ ಗೂಡುಗಳಿಗೂ ನುಗ್ಗಿ ಜಗಳ ಹೂಡುತ್ತದೆ. ದೊಡ್ಡ ಹಕ್ಕಿಗಳನ್ನು ತಂದು ತಿಂಗಳ ಮೇಲೆ ಬಿಟ್ಟರೂ ಅವು ಹಳೆಯ ಮನೆಗೆ ಹಾರಿಹೋಗಬಹುದು. ಅವುಗಳನ್ನು ಒಳಗೇ ಇಟ್ಟು, ಅಲ್ಲೇ ಹುಟ್ಟಿದ ಮರಿಗಳನ್ನು ಮಾತ್ರ ಹೊರಗೆ ಬಿಡುವುದು ಕ್ಷೇಮ.

ಗೂಡು ನೆಲದಿಂದ ಆಳೆತ್ತರವಿದ್ದು, ಬೆಕ್ಕು, ಮುಂಗುಸಿ, ಕೇರೆಹಾವುಗಳು ಹತ್ತದಂತೆ ಕಂಬಗಳಿಗೆ ತಗಡು ಸುತ್ತಿರಬೇಕು. ಬಾಗಿಲು ಪೂರ್ವಕ್ಕಿದ್ದರೆ ಎಳೆಬಿಸಿಲು ಬೀಳುವುದು. ಆದರೆ ಈ ಜಿಲ್ಲೆಗೆ ಅಕ್ಟೋಬರ್‌, ನವೆಂಬರ್‌ ತಿಂಗಳುಗಳ ಮಳೆ ಆ ಕಡೆಯಿಂದಲೇ ಬರುವುದರಿಂದ ಮುಂದಕ್ಕೆ ಒಂದು ಮೊಳ ಸೂರು ಚಾಚಿರತಕ್ಕದ್ದು. ನೀರಿನ ಪಾತ್ರೆ ಎರಡು ಬೆರಳಿನಷ್ಟಾದರೂ ಆಳವಿರಬೇಕು. ಪಾರಿವಾಳವು ಕೋಳಿಯಂತೆ ತಲೆಯೆತ್ತಿ ನೀರು ನುಂಗುವುದಿಲ್ಲ. ಕೊಕ್ಕನ್ನು ಮುಳುಗಿಸಿ ದನದಂತೆ ಹೀರುತ್ತದೆ.

ಇನ್ನು ಲೆಕ್ಕ. ಬೆಳೆದ ಹಕ್ಕಿಯೊಂದಕ್ಕೆ ದಿನಕ್ಕೆ ಸುಮಾರು 35 ಗ್ರಾಂ ಕಾಳು ಬೇಕು. ಹತ್ತು ಜೊತೆಗೆ ದಿನಕ್ಕೆ 700 ಗ್ರಾಂ, ವರ್ಷಕ್ಕೆ ಎರಡೂವರೆ ಕ್ವಿಂಟಾಲು. ಮರಿಗಳ ಪಾಲು ಬೇರೆ. ಚೆನ್ನಾಗಿ ನೋಡಿಕೊಂಡ ಜೊತೆಯು ವರ್ಷಕ್ಕೆ ಎಂಟು ಹತ್ತು ಮರಿಗಳನ್ನು ಕೊಡಬಹುದು. ಈ ಎರಡನ್ನೂ ಆಯಾ ಊರಿನ ದರದಲ್ಲಿ ಎದುರುಬದುರಾಗಿ ಬರೆದು ನೋಡಿದ ಹೊರತು ಹತ್ತನೆಯ ಜೊತೆಯನ್ನು ಕೊಳ್ಳಬಾರದು. ಮೊದಲ ವರ್ಷಕ್ಕೆ ಮೂರು ನಾಲ್ಕು ಜೊತೆ ಸಾಕು. ಜೋಳ, ಸಜ್ಜೆ, ರಾಗಿ ಮೂರು ಪಾಲಾದರೆ ಹುರುಳಿ, ಅಲಸಂದೆ ಮುಂತಾದ ದ್ವಿದಳ ಧಾನ್ಯ ಒಂದು ಪಾಲು ಸೇರಿಸತಕ್ಕದ್ದು. ಮರಿಗಳಿರುವಾಗ ಇದು ತಪ್ಪಕೂಡದು. ಕಾಳನ್ನು ಅರೆದುಕೊಳ್ಳಲು ಕಲ್ಲುಹರಳು ಬೇಕು. ಮಾಲೂರಿನ ಕಡೆ ಹೆಂಚು ಇಟ್ಟಿಗೆಯ ಚೂರುಗಳಿಗೆ ಬರವಿಲ್ಲ. ಅವನ್ನು ಕುಟ್ಟಿ, ಕಪ್ಪೆಚಿಪ್ಪಿನ ಪುಡಿಯನ್ನೂ ಚಿಟಿಕೆ ಉಪ್ಪನ್ನೂ ಬೆರಸಿ ಇಟ್ಟರಾಯಿತು.

ಕೆಲವರು ಕಾಳಿನ ಖರ್ಚನ್ನು ಉಳಿಸುವುದಕ್ಕಾಗಿ ಹಕ್ಕಿಗಳನ್ನು ಬರಿಯ ಹೊಟ್ಟೆಯಲ್ಲಿ ಹೊರಗೆ ಬಿಡುತ್ತಾರೆ. ಇದು ಉಳಿತಾಯವಲ್ಲ, ನೆರೆಯವನ ಕಣಜಕ್ಕೆ ಕನ್ನ. ಪಾರಿವಾಳವು ಕೋಳಿಯಂತೆ ಮಣ್ಣನ್ನು ಕೆದಕುವುದಿಲ್ಲವಾದ್ದರಿಂದ ಕೂರಿಗೆಯಲ್ಲಿ ಬಿತ್ತಿ ಮುಚ್ಚಿದ ಬೀಜಕ್ಕೆ ಅಪಾಯ ಕಡಿಮೆ. ಕೈಯಿಂದ ಎರಚಿದ ರಾಗಿ, ಹುರುಳಿಗಳನ್ನಾದರೋ ಅದು ಆಯ್ದು ತಿನ್ನುತ್ತದೆ. ಬಂದ ಒಂದು ಹದಮಳೆಗೆ ಬಿತ್ತಿದವನಿಗೆ ಬೀಜ ಹೋದರೆ ಮತ್ತೊಂದು ಹದ ಸಿಕ್ಕೀತೆಂಬ ಭರವಸೆಯಿಲ್ಲ. ಆದುದರಿಂದ ರಾಗಿ, ಹುರುಳಿಗಳ ಬಿತ್ತನೆಯಾಗಿ ಮೊಳಕೆ ಬರುವವರೆಗೂ, ತಿರುಗಿ ಕಣ ನಡೆಯುವಾಗಲೂ ಹಕ್ಕಿಗಳನ್ನು ಬಲೆಯೊಳಗೆ ಕೂಡಿಹಾಕಿ ಕಾಳು ಹಾಕುವುದೇ ನ್ಯಾಯ. ಊರಿನ ಮುಖ್ಯರು ಬಿತ್ತನೆಗೆ ಮುಂಚೆಯೇ ಸಾಕುವವರೆಲ್ಲರನ್ನೂ ಕರೆಸಿ ದಿನವನ್ನು ಗೊತ್ತುಮಾಡಿದರೆ ಅನೇಕ ವ್ಯಾಜ್ಯಗಳು ಹುಟ್ಟುವುದೇ ಇಲ್ಲ. ಸಾಕುವವನಿಗೂ ಇದರಲ್ಲಿ ಸ್ವಂತ ಹಿತವುಂಟು: ಈಗ ಬಿತ್ತನೆಯ ಬೀಜಕ್ಕೆ ಔಷಧಿ ಲೇಪಿಸುವ ರೂಢಿಯಿದೆ, ಅಂಥ ಬೀಜ ತಿಂದ ಹಕ್ಕಿ ಉಳಿಯುವುದು ಕಷ್ಟ. ಶ್ರೀನಿವಾಸಪುರದ ಮಾವಿನ ತೋಟಗಳಿಗೆ ಔಷಧಿ ಸಿಂಪಡಿಸುವ ದಿವಸಗಳಲ್ಲಿಯೂ ಇದೇ ಎಚ್ಚರಿಕೆ ತಕ್ಕದ್ದು.

ಗಂಟಲಲ್ಲಿ ಹಳದಿ ಗಿಣ್ಣಿನಂಥ ಗಂಟು, ಕೊಕ್ಕಿನ ಸುತ್ತ ಸಿಡುಬು, ಕತ್ತು ತಿರುಚಿಕೊಳ್ಳುವುದು, ಇವು ಕಂಡಕೂಡಲೆ ಆ ಹಕ್ಕಿಯನ್ನು ಬೇರ್ಪಡಿಸಿ ಪಶುವೈದ್ಯರಿಗೆ ತೋರಿಸತಕ್ಕದ್ದು. ಕತ್ತು ತಿರುಚುವ ರೋಗವು ಕೋಳಿಯ ರಾಣಿಖೇತ್‌ ರೋಗಕ್ಕೆ ಹತ್ತಿರದ ಸಂಬಂಧವುಳ್ಳದ್ದು.

ಮನುಷ್ಯರ ಆರೋಗ್ಯವನ್ನು ಕುರಿತು ಇನ್ನೂ ಗಟ್ಟಿಯಾಗಿ ಹೇಳಬೇಕಾಗಿದೆ. ಒಣಗಿದ ಹಿಕ್ಕೆಯ ಧೂಳು ಪುಪ್ಪುಸಗಳಿಗೆ ಕೆಡುಕು. ಬಹುಕಾಲ ಅದನ್ನು ಉಸಿರಾಡಿದವರಿಗೆ ಒಣಕೆಮ್ಮು, ಏದುಸಿರು ಹತ್ತಿ ಶಾಶ್ವತವಾಗಿ ನಿಲ್ಲುವುದುಂಟು. ಆದಕಾರಣ ಮಲಗುವ ಕೋಣೆ, ಅಡಿಗೆಮನೆಗಳ ಅಟ್ಟದಲ್ಲಿ ಗೂಡು ಬೇಡ. ಗುಡಿಸುವ ಮುನ್ನ ನೀರು ಚಿಮುಕಿಸಿ, ಮೂಗುಬಾಯಿಗಳಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಮಕ್ಕಳಿಂದ ಈ ಕೆಲಸ ಮಾಡಿಸಬಾರದು. ಕೆಮ್ಮು ಬಿಡದೆ ಇದ್ದರೆ ವೈದ್ಯರ ಬಳಿ ಮನೆಯಲ್ಲಿ ಪಾರಿವಾಳವಿದೆಯೆಂದು ತಪ್ಪದೆ ತಿಳಿಸಬೇಕು.

ಹೀಗೆ ಗುಡಿಸಿದ್ದನ್ನು ಬೀದಿಗೆ ಚೆಲ್ಲುವುದು ನಷ್ಟ. ಪರ್ಷಿಯಾದ ಇಸ್ಫಹಾನ್‌ ನಗರದ ಸುತ್ತಲಿನ ರೈತರು ಕರಬೂಜದ ತೋಟಗಳ ಗೊಬ್ಬರಕ್ಕಾಗಿಯೇ ಪಾರಿವಾಳಗಳಿಗೆ ಗೋಪುರಗಳನ್ನು ಕಟ್ಟಿದ್ದರು. ಕೆಲವು ಇಂದಿಗೂ ನಿಂತಿವೆ. ಈ ಗೊಬ್ಬರದಲ್ಲಿ ಸಾರಜನಕವು ದನದ ಗೊಬ್ಬರಕ್ಕಿಂತ ಬಹಳ ಹೆಚ್ಚು. ಹಸಿಯಾಗಿ ಬುಡಕ್ಕೆ ಹಾಕಿದರೆ ಟೊಮೇಟೊ ಸಸಿ ಸುಟ್ಟುಹೋಗುವುದು. ಕೆರೆಗೋಡು, ತರಗೆಲೆಗಳೊಡನೆ ಪದರಪದರವಾಗಿ ಗುಂಡಿಗೆ ಹಾಕಿ, ತೇವ ಆರದಂತೆ ಮೇಲೆ ಮಣ್ಣು ಮುಚ್ಚಿ, ಚೆನ್ನಾಗಿ ಕಳಿತ ಮೇಲೆ ತೆಗೆದು ತರಕಾರಿಯ ಮಡಿಗಳಿಗೆ ತೆಳ್ಳಗೆ ಹರಡತಕ್ಕದ್ದು.