ದತ್ತಾಂಶ ದಾಟಿದರೆ ಸಾಲದು, ಅರ್ಥವೂ ದಾಟಬೇಕು



ಬೇರೆ ಬೇರೆ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಬರೆದ ತಂತ್ರಾಂಶಗಳು ಒಂದೇ ದತ್ತಾಂಶವನ್ನು ಹಂಚಿಕೊಳ್ಳುವ ಬಗೆಯನ್ನು ಚರ್ಚಿಸಲು ಸೇರಿದ್ದೇವೆ. ಬೈಟುಗಳನ್ನು ಆಚೆಗೆ ದಾಟಿಸುವುದು ಇವತ್ತು ಕಷ್ಟವಲ್ಲ. ದಾಟುವಾಗ ಅರ್ಥ ಸದ್ದಿಲ್ಲದೆ ಬದಲಾಗುತ್ತದಲ್ಲ, ನನ್ನ ಆತಂಕ ಅದರ ಬಗ್ಗೆ.

'ಮಂಜುನಾಥ' ಎಂಬ ಹೆಸರನ್ನೇ ತೆಗೆದುಕೊಳ್ಳಿ. ನಮಗೆ ನಾಲ್ಕು ಅಕ್ಷರ. ಅನುಸ್ವಾರ, ಕೊಂಬು, ದೀರ್ಘಗಳನ್ನು ಯೂನಿಕೋಡ್ ಬೇರೆ ಸಂಕೇತಗಳಾಗಿ ಇಡುವುದರಿಂದ ಪೈಥಾನ್, ಜಾವಾಗಳಿಗೆ ಅದು ಏಳು. ಗೋ ಭಾಷೆಯಲ್ಲಿ ಉದ್ದ ಕೇಳಿದರೆ 21. ಅದು ಯುಟಿಎಫ್-8 ಬೈಟುಗಳನ್ನು ಎಣಿಸುತ್ತದೆ, ಒಂದೊಂದು ಕನ್ನಡ ಸಂಕೇತಕ್ಕೆ 3 ಬೈಟು ಬೇಕು. ಯಾವ ಉತ್ತರವೂ ತಪ್ಪಲ್ಲ. ಆದರೆ 'ಹೆಸರಿನ ಮಿತಿ 20' ಎಂದಷ್ಟೇ ಬರೆದಿಟ್ಟ ಕಡೆ, ಪೈಥಾನ್ ಒಪ್ಪಿಕೊಂಡ ಮಂಜುನಾಥನನ್ನು ಗೋ ತಿರಸ್ಕರಿಸುತ್ತದೆ.

ಅಂಕಿಗಳ ಪಾಡೂ ಇದೇ. ಜೇಸನ್‌ನಲ್ಲಿ ಬಂದ 9007199254740993 ಎಂಬ ಸಂಖ್ಯೆಯನ್ನು ಜಾವಾಸ್ಕ್ರಿಪ್ಟ್ ಮಾಮೂಲಿ ಕ್ರಮದಲ್ಲಿ ಓದಿದರೆ ಕೊನೆಯ 3 ಹೋಗಿ 2 ಆಗುತ್ತದೆ. ದೋಷದ ಸೂಚನೆಯೂ ಬರುವುದಿಲ್ಲ. ಟ್ವಿಟರ್ 2010ರಲ್ಲಿ ತನ್ನ ಐಡಿಗಳನ್ನು ಅಂಕಿಯ ಜೊತೆಗೆ ಪಠ್ಯವಾಗಿಯೂ ಕಳಿಸತೊಡಗಿದ್ದು ಇದಕ್ಕಾಗಿಯೇ.

ಇವೆರಡಕ್ಕಿಂತ ನನ್ನನ್ನು ಹೆಚ್ಚು ಕಾಡುವುದು 'ಮಾಹಿತಿ ಇಲ್ಲ' ಎಂಬ ಮಾಹಿತಿ. ಆಗುಂಬೆಯ ಒಂದು ದಿನದ ಮಳೆ ದಾಖಲಾಗಲಿಲ್ಲ ಎಂದುಕೊಳ್ಳಿ. ಆರ್ ಭಾಷೆ ಆ ಖಾಲಿ ಪೂರ್ಣಾಂಕವನ್ನು ಒಳಗೆ -2147483648 ಎಂದು ಇಟ್ಟುಕೊಳ್ಳುತ್ತದೆ. ಈ ಒಳಗುಟ್ಟು ತಿಳಿಯದ ಸಿ ಪ್ರೋಗ್ರಾಮು ಅದೇ ಮೆಮೊರಿಯನ್ನು ಓದಿದರೆ, ಅದೇ ಅಂದಿನ ಮಳೆಯ ಪ್ರಮಾಣ! ವರ್ಷದ ಮೊತ್ತವೇ ಹಾಳು. ಪೈಥಾನಿನ ಪಾಂಡಾಸ್ ಸಾಮಾನ್ಯವಾಗಿ ಅಂಥ ಇಡೀ ಕಾಲಮ್ಮನ್ನು ದಶಮಾಂಶ ಸಂಖ್ಯೆಗಳಾಗಿ ಬದಲಿಸಿಬಿಡುತ್ತದೆ.

2016ರಲ್ಲಿ ಬಂದ ಅಪಾಚೆ ಆ್ಯರೋ ಇದಕ್ಕೆ ಮಾಡಿದ ಏರ್ಪಾಡು ನನಗೆ ತುಂಬ ಇಷ್ಟ. ಬೆಲೆಗಳು ಒಂದು ಕಡೆ ಸಾಲಾಗಿ ಇರುತ್ತವೆ. ಪ್ರತಿ ಬೆಲೆ ಇದೆಯೋ ಇಲ್ಲವೋ ಎಂದು ಹೇಳಲು ಪಕ್ಕದಲ್ಲಿ ಒಂದೊಂದು ಬಿಟ್. ಈ ವಿನ್ಯಾಸ ಎಲ್ಲ ಭಾಷೆಗಳಿಗೂ ಒಂದೇ ಆದ್ದರಿಂದ ಸಿ++, ರಸ್ಟ್, ಪೈಥಾನ್‌ಗಳು ನಕಲು ಮಾಡದೆಯೇ ಒಂದೇ ಮೆಮೊರಿಯನ್ನು ಓದಬಲ್ಲವು. ಆದರೂ ಆ ಮಳೆ ಮಿಲಿಮೀಟರಿನಲ್ಲಿದೆಯೋ ಅಂಗುಲದಲ್ಲೋ ಎಂಬುದನ್ನು ನಾವು ಬರೆಯದಿದ್ದರೆ ಆ್ಯರೋಗೂ ತಿಳಿಯದು.

ಗೂಗಲ್ 2008ರಲ್ಲಿ ಎಲ್ಲರಿಗೂ ತೆರೆದಿಟ್ಟ ಪ್ರೋಟೋಕಾಲ್ ಬಫರ್ಸ್ ಎಂಬ ದತ್ತಾಂಶ ವಿನ್ಯಾಸದ ಶಿಸ್ತೂ ಗಮನಾರ್ಹ: ಕೈಬಿಟ್ಟ ಫೀಲ್ಡಿನ ಸಂಖ್ಯೆಯನ್ನು ಬೇರೊಂದಕ್ಕೆ ಕೊಡಕೂಡದು. ಕೊಟ್ಟರೆ ಹಳೆಯ ಪ್ರೋಗ್ರಾಮು ಹೊಸ ಮಾಹಿತಿಯನ್ನು ಹಳೆಯ ಅರ್ಥದಲ್ಲೇ ಓದುತ್ತದೆ.

ಪ್ರಬಂಧ ಮಂಡಿಸುವವರಲ್ಲಿ ನನ್ನದೊಂದು ಕೋರಿಕೆ. ವೇಗದ ಕೋಷ್ಟಕಗಳನ್ನು ಆಮೇಲೆ ತೋರಿಸಿ. ಎರಡೂ ಕಡೆಯವರು ಒಪ್ಪಿದ ಸ್ಕೀಮಾವನ್ನು ಮೊದಲು ಪರದೆಯ ಮೇಲೆ ಹಾಕಿ. ಸಂಖ್ಯೆ ಎಷ್ಟು ಬಿಟ್ಟಿನದು, ಅಳತೆ ಯಾವುದು, ಖಾಲಿ ಜಾಗಕ್ಕೆ ಏನು ಬರುತ್ತದೆ, ಉದ್ದವನ್ನು ಎಣಿಸುವುದು ಯಾವುದರಲ್ಲಿ ಎಂಬುದು ಅದರಲ್ಲಿ ಕಾಣಲಿ. ನಿಮ್ಮ ಪರೀಕ್ಷಾ ದತ್ತಾಂಶದಲ್ಲಿ ಕನ್ನಡದ ಹೆಸರುಗಳೂ ಇರಲಿ.