ಗುಮ್ಮಟದ ಭಾರ ಹೊತ್ತ ಕಮಾನುಗಳು



ರಜೆಯಲ್ಲಿ ಪುಣೆಯಿಂದ ಊರಿಗೆ ಹೋಗುವ ನಮ್ಮಲ್ಲಿ ಅನೇಕರು ಮಕ್ಕಳಿಗೆ ಗೋಳಗುಮ್ಮಟವನ್ನು ತೋರಿಸಿಕೊಂಡು ಬರುತ್ತೇವೆ. ಮೇಲೆ ಹತ್ತಿ ಒಂದು ಕೂಗು ಹಾಕುತ್ತೇವೆ, ಮರುದನಿ ಕೇಳಿ ನಗುತ್ತೇವೆ, ಇಳಿಯುತ್ತೇವೆ. ಅಷ್ಟರಿಂದ ನೋಡಿದಂತಾಗಲಿಲ್ಲವೆಂದು ನಮ್ಮ ಅಭಿಪ್ರಾಯ.

1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲಶಹನ ಗೋರಿಯಿದು. ಸುಮಾರು 135 ಅಡಿಯ ಚೌಕ ಕೋಣೆ. ನಡುವೆ ಒಂದು ಕಂಬವೂ ಇಲ್ಲ. ಮೇಲಿನ ಗುಮ್ಮಟಕ್ಕೆ ಒಳಗಿನ ಅಡ್ಡಳತೆ ಸುಮಾರು 124 ಅಡಿ. ಚೌಕದ ಮೇಲೆ ದುಂಡನ್ನು ಕೂರಿಸುವುದು ಹೇಗೆ? ಗೋಡೆಗಳಿಂದ ಎಂಟು ಕಮಾನುಗಳೆದ್ದು ಒಂದರೊಳಗೊಂದು ಹೆಣೆದುಕೊಂಡಿವೆ. ಎರಡು ಚೌಕಗಳನ್ನು ಓರೆಯಾಗಿ ಒಂದರ ಮೇಲೊಂದು ಬರೆದ ರಂಗೋಲಿಯನ್ನು ನೆನೆಯಿರಿ. ನಡುವೆ ಎಂಟು ಮೂಲೆಯ ಆಕೃತಿ ಮೂಡುತ್ತದೆ. ದುಂಡಿಗೆ ಅದು ಸಮೀಪ. ಇನ್ನೊಂದು ಜಾಣತನವೂ ಉಂಟು. ಅಂಥ ಗುಮ್ಮಟದ ಬುಡ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಕಮಾನುಗಳ ಜೊತೆಗೆ ಒಳಕ್ಕೆ ಚಾಚಿಕೊಂಡ ಕಲ್ಲುಗಾರೆಯ ತೂಕ ಒಳಕ್ಕೆ ಜಗ್ಗುತ್ತದೆ. ಬ್ಯಾಂಕಿನ ನಮಗೆ ಇದು ಜಮಾ-ಖರ್ಚು ತಾಳೆಯಾದಂತೆ ಕಂಡಿತು!

ತಂದೆ ಎರಡನೆಯ ಇಬ್ರಾಹಿಮನ ರೋಜಾ ಬೇರೆಯೇ ಬಗೆಯದು. ಅಲ್ಲಿ ಗಾತ್ರದ ಹಮ್ಮಿಲ್ಲ. ಚಾಚಿದ ಸೂರು, ಅದನ್ನು ಹೊತ್ತ ಕೊರೆದ ಕಲ್ಲಿನ ಬಾಹುಗಳು, ಕಿಟಕಿಗಳಲ್ಲಿ ಅಕ್ಷರಗಳನ್ನೇ ಜಾಲಂದ್ರವಾಗಿಸಿದ ಕೆಲಸ. ನಮ್ಮ ಮನಸ್ಸು ಹೆಚ್ಚು ಸೋತದ್ದು ಇದಕ್ಕೇ. ಕಲಬುರ್ಗಿಯ ಕೋಟೆಯ 1367ರ ಜಾಮಿ ಮಸೀದಿಯಲ್ಲಿ ಅಂಗಳಕ್ಕೂ ಗುಮ್ಮಟಗಳ ಮಾಡು ಹೊದಿಸಿದ್ದಾರೆ. ಇವೆಲ್ಲಕ್ಕೂ ಕಮಾನು, ಗುಮ್ಮಟಗಳೇ ಬಂಡವಾಳ.

"ಅದೆಲ್ಲ ಸುಲ್ತಾನರದು, ನಮಗೇನು?" ಎಂಬ ಮಾತು ನಮ್ಮ ಮನೆಗಳಲ್ಲಿ ಕೇಳಿಬರುತ್ತದೆ. ಇಲ್ಲಿಯ ಮಕ್ಕಳು ಅದನ್ನು ಕೇಳಿಯೇ ಬೆಳೆಯುತ್ತಾರೆ. ಅದಕ್ಕೇ ಈ ಪ್ರಸಂಗ. ವಿಜಾಪುರದ ಕರೀಮುದ್ದೀನನ ಮಸೀದಿ 1320ರದು. ಅದನ್ನು ಕಟ್ಟಿದವರಲ್ಲಿ ಸಾಲೊಟಗಿಯ ಬಡಗಿ ರೇವಯ್ಯನ ಹೆಸರು ಶಾಸನದಲ್ಲಿದೆ. ಸಾಲೊಟಗಿ ಇಂಡಿ ತಾಲ್ಲೂಕಿನ ಹಳ್ಳಿ. ಗುಡಿಯ ಕಂಬಗಳನ್ನೇ ಹೊತ್ತು ತಂದು ಆ ಮಸೀದಿಗೆ ಬಳಸಿದರೆಂಬುದೂ ನಿಜ. ಅದನ್ನು ಮರೆಮಾಚುವುದು ಬೇಡ. ಆದರೆ ಇಬ್ರಾಹಿಮನೇ ತನ್ನ 'ಕಿತಾಬ್-ಎ-ನವರಸ'ದಲ್ಲಿ ಸರಸ್ವತಿಯನ್ನು ಸ್ತುತಿಸಿದ್ದಾನೆ. ಇನ್ನು ಈ ಪುಣೆಯಾದರೋ, ಶಹಾಜಿ ರಾಜರ ಜಹಗೀರಾಗಿ ಅದೇ ವಿಜಾಪುರದ ದರ್ಬಾರಿಗೆ ಸೇರಿತ್ತು.

2014ರಿಂದ ಊರಿಗೆ ವಿಜಯಪುರವೆಂಬ ಹೆಸರು. ಸೊಲ್ಲಾಪುರದ ಮೇಲೆ ರೈಲಿನಲ್ಲಿ ಹೋಗಬಹುದು. ಬೆಳಿಗ್ಗೆ ಬೇಗ ಹೋಗಿರಿ, ಜನಸಂದಣಿ ಕಡಿಮೆ. ಮಕ್ಕಳು ಕೂಗಲಿ, ಬೇಡವೆನ್ನುವುದಿಲ್ಲ. ಮೊದಲು ಕೆಳಗೆ ನಿಂತು ತಲೆಯೆತ್ತಿ ಆ ಎಂಟು ಕಮಾನುಗಳನ್ನು ಎಣಿಸಲಿ.